ಹಿತ್ತಲ ಕಸಕ್ಕೆ ಬೆಂಕಿ: ಊರಲ್ಲಿ ಹಚ್ಚಬೇಡಿ, ತೋಟದಲ್ಲಿ ಹಚ್ಚಲೇಬೇಕಾದರೆ ಹೀಗೆ ಹಚ್ಚಿ

ಶಿವರಾತ್ರಿ ಹತ್ತಿರ ಬಂತೆಂದರೆ ತುಮಕೂರಿನ ಬಡಾವಣೆಗಳಲ್ಲಿ ಹೊಂಗೆ, ಬೇವು, ಮಾವಿನ ಎಲೆ ಗುಡಿಸಿ ಮುಗಿಯುವುದಿಲ್ಲ. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆ ತೆಂಗಿನ ತೋಟಗಳಲ್ಲಿ ಬಿದ್ದ ಗರಿ, ಹೊಂಬಾಳೆ, ಕುರುಂಬೆ ಬದುವಿಗೆ ರಾಶಿ ಬೀಳುತ್ತವೆ. ಗುಡ್ಡೆ ಮಾಡಿ ಕಡ್ಡಿ ಗೀರುವುದು ಎಷ್ಟು ರೂಢಿಯಾಗಿದೆಯೆಂದರೆ, ಅದಕ್ಕೂ ಒಂದು ಕಾನೂನಿದೆ ಎಂದರೆ ಜನ ನಗುತ್ತಾರೆ. ಕಾನೂನು ಇದೆ, ದಂಡವೂ ಇದೆ. ಇನ್ನೊಂದು ಮಾತೆಂದರೆ, ಈ ರಾಶಿಯಲ್ಲಿ ನಿಜಕ್ಕೂ ಸುಡಬೇಕಾದ್ದು ಬಹಳ ಕಡಿಮೆ. ಹುಳ ಬಿದ್ದ, ರೋಗ ಹತ್ತಿದ ಭಾಗಕ್ಕೆ ಬೆಂಕಿ ಬೇಕಾಗುತ್ತದೆ. ಬರೀ ಜಾಗ ಚೊಕ್ಕಟ ಮಾಡಲು ಬೆಂಕಿ ಬೇಕಿಲ್ಲ.

ಕಾನೂನು ಏನನ್ನುತ್ತದೆ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯವರ ಹೊಣೆಯನ್ನು ನೇರವಾಗಿ ಬರೆದವು. ತನ್ನ ಮನೆಯ ಕಸವನ್ನು ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಕೈತೋಟದ ಕಸವನ್ನು ಮನೆ ಆವರಣದಲ್ಲೇ ಬೇರೆಯಾಗಿ ಇಟ್ಟು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು. ಬೀದಿ ಗುಡಿಸಿದ ಎಲೆಯನ್ನು ಸುಡಿಸಬಾರದು ಎಂದು ಪಾಲಿಕೆ, ಪುರಸಭೆಗಳಿಗೂ ಅದರಲ್ಲೇ ಹೇಳಿತ್ತು. "ಅವರೇ ಸುಡ್ತಾರೆ, ನಮ್ಮನ್ನ್ಯಾಕೆ ಕೇಳ್ತೀರಿ" ಅನ್ನುವವರಿಗೆ ಉತ್ತರ ಇಷ್ಟೇ: ಅವರೂ ಸುಡುವಂತಿಲ್ಲ.

"ನನ್ನ ಕಾಂಪೌಂಡ್ ಒಳಗೆ ತಾನೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಸವನ್ನು ಬಯಲಲ್ಲಿ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಪರಿಹಾರ ದಂಡ ಎಂದು ಗೊತ್ತುಮಾಡಿತು. ಹಾಗಾಗಿ ಕಾಂಪೌಂಡ್ ಗೋಡೆಯನ್ನು ನೆಚ್ಚಿಕೊಳ್ಳಬೇಡಿ. ಹೊಗೆಯಂತೂ ಗೋಡೆಯೊಳಗೆ ಉಳಿಯುವುದಿಲ್ಲ.

ಬೆಂಕಿ ಕೈಮೀರಿದರೆ ವಿಷಯ ಪೊಲೀಸ್ ಠಾಣೆಗೆ ಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನ ಪ್ರಕಾರ, ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ಉಡಾಫೆ ಮಾಡಿದವರಿಗೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಚ್ಚಿದವರು ಮಾತ್ರ ಇದರಲ್ಲಿ ಸಿಕ್ಕಿಬೀಳುವುದಿಲ್ಲ, ತಮ್ಮ ಸುಪರ್ದಿನಲ್ಲಿದ್ದ ಬೆಂಕಿಯನ್ನು ಕಾಯದೆ ಎದ್ದುಹೋದವರೂ ಬೀಳುತ್ತಾರೆ. ಕೂಲಿಯವನ ಕೈಲಿ ಹಚ್ಚಿಸಿ ಊಟಕ್ಕೆ ಹೋಗುವ ಯಜಮಾನರು ಇದನ್ನು ಗಮನಿಸಿ.

ದೇವರಾಯನದುರ್ಗ, ಸಿದ್ಧರಬೆಟ್ಟದ ತಪ್ಪಲಿನಲ್ಲಿ ಜಮೀನು ಇರುವವರಿಗೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಹುಲ್ಲುಗಾವಲಿನ ಅಕ್ಕಪಕ್ಕದವರಿಗೆ ಇನ್ನೂ ಒಂದು ಕಾನೂನಿದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ, ಅರಣ್ಯಕ್ಕೆ ತಗಲುವ ಹಾಗೆ ಪಕ್ಕದಲ್ಲಿ ಹಚ್ಚುವುದೂ ಅಪರಾಧ. ಬೇಸಿಗೆಯಲ್ಲಿ ಅಲ್ಲೆಲ್ಲ ಬದುವಿನ ಹುಲ್ಲಿಗೂ ಕಡ್ಡಿ ಗೀರಬೇಡಿ.

ಊರಿನ ಮನೆಯವರು ಮಾಡಬೇಕಾದ್ದು

ಮೊದಲು ವಿಂಗಡಣೆ. ಗುಡಿಸುವಾಗಲೇ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಥರ್ಮೋಕೋಲ್, ತುಂಡು ಪೈಪು ಬೇರೆ ತೆಗೆಯಿರಿ. ಎಲೆ ಎಷ್ಟೇ ಒಣಗಿದ್ದರೂ ಅದನ್ನು ಪ್ಲಾಸ್ಟಿಕ್ ಹಾಕುವ ಒಣ ಕಸದ ಚೀಲಕ್ಕೆ ತುಂಬಬೇಡಿ. ಕೊಳೆಯುವ ವಸ್ತುವಾದ್ದರಿಂದ ಅದರ ದಾರಿಯೇ ಬೇರೆ. ಗೋಣಿಚೀಲದಲ್ಲಿ ತುಂಬಿ ಆಟೋ ಟಿಪ್ಪರ್‌ನವರಿಗೆ ಕೊಡಿ. ಮರ ಸವರಿದ ಕೊಂಬೆ ಹೆಚ್ಚಿದ್ದರೆ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಮೊದಲೇ ಹೇಳಿ, ಯಾವ ದಿನ ಗಾಡಿ ಬರುತ್ತದೆಂದು ಕೇಳಿಕೊಂಡು ಆಮೇಲೆ ಕೊಂಬೆ ಕಡಿಸಿ. ಕಡಿಸಿ ರಸ್ತೆಗೆ ಹಾಕಿ ಆಮೇಲೆ ಫೋನ್ ಮಾಡುವುದು ನಮ್ಮ ಪದ್ಧತಿ. ಅಷ್ಟರೊಳಗೆ ಯಾರೋ ಬೀಡಿ ಎಸೆದಿರುತ್ತಾರೆ.

ಮನೆ ಸುತ್ತ ಹತ್ತಡಿ ಜಾಗ ಇದ್ದರೆ ಗಾಡಿಯ ಹಂಗೂ ಬೇಡ. ಅಂಗಡಿಯಲ್ಲಿ ಸಿಗುವ ಕೋಳಿಜಾಲರಿಯನ್ನು ಮೂರಡಿ ಅಗಲದ ಸುತ್ತು ಮಾಡಿ ನೆರಳಲ್ಲಿ ನಿಲ್ಲಿಸಿ. ಎಲೆ ಒಂದು ಪದರ, ಮೇಲೆ ಸಗಣಿ ನೀರು, ಇದ್ದರೆ ಅಡುಗೆಮನೆಯ ತರಕಾರಿ ಸಿಪ್ಪೆ, ಮತ್ತೆ ಎಲೆ. ಬರೀ ತರಗು ಹಾಕಿದರೆ ವರ್ಷವಾದರೂ ತರಗಾಗಿಯೇ ಕೂತಿರುತ್ತದೆ, ಏಕೆಂದರೆ ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ 30 ಪಾಲಿದ್ದರೆ ಸಾರಜನಕ ಸುಮಾರು 1 ಪಾಲು ಬೇಕು. ಸಗಣಿ, ಹಸಿ ಸೊಪ್ಪು, ಸಿಪ್ಪೆ ಆ ಕೊರತೆ ತುಂಬುತ್ತವೆ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ಬುಡಮೇಲು ಮಾಡಿ. ಹೊಂಗೆ ಎಲೆ ತೆಳು, ಮೂರು ತಿಂಗಳ ಆಸುಪಾಸಿನಲ್ಲಿ ಕರಗುತ್ತದೆ. ಮಾವು, ಹಲಸಿನ ಎಲೆ ದಪ್ಪ, ಅವನ್ನು ಮೊದಲು ಕಾಲಲ್ಲಿ ತುಳಿದು ಪುಡಿ ಮಾಡದಿದ್ದರೆ ಆರು ತಿಂಗಳೂ ಸಾಲದು. ಹೊಂಗೆ ಎಲೆಯನ್ನು ಗೊಬ್ಬರಕ್ಕೆಂದೇ ಗದ್ದೆಗೆ ಹೊತ್ತು ಹಾಕುತ್ತಿದ್ದ ಊರಿನವರು ನಾವು. ಅದನ್ನೇ ಈಗ ರಸ್ತೆ ಬದಿಯಲ್ಲಿ ಸುಡುತ್ತಿದ್ದೇವೆ.

ಗೊಬ್ಬರದ ತಾಪತ್ರಯವೇ ಬೇಡ ಅನ್ನುವವರು ಎಲೆಯನ್ನು ಗಿಡಗಳ ಬುಡಕ್ಕೆ ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಬಿಡಿ. ಏಪ್ರಿಲ್ ಬಿಸಿಲಲ್ಲಿ ನೀರು ಹಾಕುವ ಕೆಲಸ ಕಡಿಮೆಯಾಗುತ್ತದೆ.

ಪಕ್ಕದ ಖಾಲಿ ಸೈಟಿನದು ಬೇರೆಯೇ ರಗಳೆ. ಎದೆಯೆತ್ತರ ಬೆಳೆದ ಪಾರ್ಥೇನಿಯಂ, ಹುಲ್ಲು ಮಾರ್ಚಿಗೆ ಒಣಗುತ್ತದೆ, ಹಾವಿನ ಭಯಕ್ಕೆ ಯಾರೋ ಬೆಂಕಿ ಇಡುತ್ತಾರೆ. ನಿಂತ ಒಣಹುಲ್ಲಿನ ಬೆಂಕಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಹರಿಯಬಲ್ಲದು. ಸುತ್ತ ಮನೆಗಳ ಹಿಂಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರ್, ಕಿಟಕಿಯ ಪಕ್ಕದ ಎಸಿ, ಕೆಲವು ಬಡಾವಣೆಗಳಲ್ಲಿ ಈಗ ಗೋಡೆ ಮೇಲೆ ಬಂದಿರುವ ಅಡುಗೆ ಅನಿಲದ ಪೈಪು, ಇವೆಲ್ಲ ಅದರ ದಾರಿಯಲ್ಲಿವೆ. ಹಾವು ಕೂಡ ಬೆಂಕಿಗೆ ಸಾಯುವುದಕ್ಕಿಂತ ಹೆಚ್ಚಾಗಿ ನಿಮ್ಮ ಮನೆ ಕಡೆಗೆ ಹರಿಯುತ್ತದೆ. ಸೈಟಿನ ಮಾಲೀಕರಿಂದ ಕಳೆ ತೆಗೆಸಲು ಪಾಲಿಕೆಗೆ ಅರ್ಜಿ ಕೊಡಿ, ಆಗದಿದ್ದರೆ ನಾಲ್ಕು ಮನೆಯವರು ಸೇರಿ ಕಳೆ ಕೊಚ್ಚುವ ಯಂತ್ರದವನನ್ನು ಕರೆಸಿ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಇದು ಆಗಬೇಕು.

ತೋಟದಲ್ಲಿ ಯಾವುದನ್ನು ಸುಡಬೇಕು, ಯಾವುದನ್ನು ಬೇಡ

ತೆಂಗಿನವರಿಗೆ ಬೆಂಕಿ ಬೇಡವೇ ಬೇಡ ಎಂದು ಹೇಳಲಾಗದು. ಕಪ್ಪುತಲೆ ಹುಳು ಬಿದ್ದ ಮರ ದೂರದಿಂದ ನೋಡಿದರೆ ಸುಟ್ಟ ಹಾಗೆ ಕಾಣುತ್ತದೆ. ಗರಿಯ ಅಡಿಭಾಗದಲ್ಲಿ ಹಿಕ್ಕೆ, ನೂಲು ಸೇರಿಸಿ ಸುರಂಗ ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿಂದಿರುತ್ತದೆ. ಇದಕ್ಕೆ ತಜ್ಞರು ಹೇಳುವ ಮೊದಲ ಕೆಲಸವೇ ಕೆಳಗಿನ ಎರಡು ಮೂರು ಸುತ್ತಿನ ಬಾಧಿತ ಗರಿ ಕಡಿದು ಸುಡುವುದು, ಆಮೇಲೆ ಗೋನಿಯೋಜಸ್ ಎಂಬ, ಆ ಹುಳುವಿನ ಮೇಲೇ ಬೆಳೆದು ಅದನ್ನು ಕೊಲ್ಲುವ ಪರತಂತ್ರ ಜೀವಿ ಬಿಡುವುದು. ಕೆಂಪು ಮೂತಿ ಹುಳು ಕೊರೆದು ಸುಳಿ ಬಿದ್ದ ಮರವನ್ನು ಸೀಳಿ ಸುಡಬೇಕು, ಹಾಗೇ ಬಿಟ್ಟರೆ ಒಳಗಿನ ಹುಳುಗಳು ದುಂಬಿಯಾಗಿ ಪಕ್ಕದ ಸಾಲಿಗೆ ಹಾರುತ್ತವೆ. ಅಣಬೆ ರೋಗಕ್ಕೆ ಸತ್ತ ಮರದ ಬುಡ, ಬೇರೂ ಅಷ್ಟೆ.

ಬಿಳಿನೊಣ ಬಿದ್ದ ಗರಿಯನ್ನು ಮಾತ್ರ ಸುಡಲು ಹೋಗಬೇಡಿ. ಬಿಳಿನೊಣವನ್ನು ತಿಂದು ಹಾಕುವ ಎನ್ಕಾರ್ಸಿಯ ಎಂಬ ಸಣ್ಣ ಕಣಜ ಆ ಗರಿಯ ಮೇಲೆಯೇ ಬೆಳೆಯುತ್ತಿರುತ್ತದೆ. ನೋಡಿದ್ದು ಯಾವ ಕೀಟ ಎಂದು ಗೊತ್ತಾಗದಿದ್ದರೆ ಒಂದು ಗರಿ ತುಂಡನ್ನು ತಿಪಟೂರಿನ ಕೊನೇಹಳ್ಳಿ ಅಥವಾ ತುಮಕೂರು ಹತ್ತಿರದ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲೂ ಹೇಳುತ್ತಾರೆ.

ಉಳಿದದ್ದೆಲ್ಲ ದುಡ್ಡು. ಮಟ್ಟೆಯನ್ನು ನಾರಿನ ಕಾರ್ಖಾನೆಯವರು ಕೊಳ್ಳುತ್ತಾರೆ, ಇಲ್ಲವಾದರೆ ಮರದ ಸಾಲುಗಳ ನಡುವೆ ಕಾಲುವೆ ತೆಗೆದು, ಗುಳಿಭಾಗ ಮೇಲೆ ಬರುವಂತೆ ಜೋಡಿಸಿ ಮಣ್ಣು ಮುಚ್ಚಿ. ಮಳೆನೀರನ್ನು ಹೀರಿಟ್ಟುಕೊಂಡು ವರ್ಷಗಳ ಕಾಲ ಕೊಡುತ್ತದೆ. ಗರಿಯನ್ನು ತುಂಡು ಮಾಡಿ ಸಗಣಿ ಸೇರಿಸಿ ಎರೆಹುಳು ಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಒಂದು ಎಚ್ಚರ ಬೇಕು. ತೋಟದ ತಿಪ್ಪೆಯಲ್ಲಿ ಕೊಂಬಿನ ದುಂಬಿ ಮೊಟ್ಟೆಯಿಡುತ್ತದೆ, ಮಗುಚುವಾಗ ಸಿಕ್ಕುವ ಬೆಳ್ಳಗಿನ ಡೊಂಕು ಹುಳುಗಳನ್ನು ಆರಿಸಿ ಕೊಲ್ಲದಿದ್ದರೆ ಗೊಬ್ಬರದ ಜೊತೆ ದುಂಬಿಯನ್ನೂ ಸಾಕಿದ ಹಾಗೆ. ಒಣ ಎಡೆಮಟ್ಟೆ, ಹೊಂಬಾಳೆ, ಕುರುಂಬೆ ಬಚ್ಚಲ ಹಂಡೆ ಒಲೆಗೆ ಸರಿ. ಹೇಗೂ ಸುಡುವುದಾದರೆ ನೀರಾದರೂ ಕಾಯಲಿ. ಆ ಒಲೆಗೆ ಪ್ಲಾಸ್ಟಿಕ್ ಕವರು ತುರುಕಿ ಹಚ್ಚುವ ಚಾಳಿಯೊಂದನ್ನು ಬಿಡಬೇಕು. ಒಲೆಯ ಮುಂದೆ ಬಗ್ಗಿ ಊದುವವರ ಮುಖಕ್ಕೇ ಆ ಹೊಗೆ ಹೊಡೆಯುತ್ತದೆ.

ಸುಡಲೇಬೇಕಾದಾಗ

ಇಲ್ಲಿಂದ ಮುಂದಿನದು ತೋಟದ ರೋಗದ ಗರಿ, ಕಾಂಡಕ್ಕೆ ಮಾತ್ರ. ಹಿಂದಿನ ದಿನವೇ ಪಂಚಾಯಿತಿಯ ಪಿಡಿಒ ಬಳಿ ಒಂದು ಮಾತು ಕೇಳಿ, ಸ್ಥಳೀಯ ನಿರ್ಬಂಧ ಏನಾದರೂ ಇದ್ದರೆ ಗೊತ್ತಾಗುತ್ತದೆ. ಗಾಳಿ ಬೀಸಿ ಹೋಗುವ ಕಡೆಯ ತೋಟದವರಿಗೆ ತಿಳಿಸಿ. "ಅಣ್ಣ, ನಾಳೆ ಬೆಳಿಗ್ಗೆ ಹುಳ ಬಿದ್ದ ಗರಿ ಸುಡ್ತೀವಿ, ಮೇವಿನ ಕಡೆ ಒಂದು ಕಣ್ಣಿಟ್ಟಿರಿ" ಎಂದು ಹೇಳುವುದಕ್ಕೆ ಏನೂ ಖರ್ಚಿಲ್ಲ. ಮನೆಯಲ್ಲಿ ಉಬ್ಬಸ ಇರುವವರು, ಬಾಣಂತಿ, ಹಸುಗೂಸು ಇದ್ದರೆ ಅವರನ್ನು ಆ ಹೊತ್ತಿಗೆ ದೂರ ಕಳಿಸಿ.

ಜಾಗ ಹುಡುಕುವಾಗ ತಲೆಯೆತ್ತಿ ನೋಡಿ. ಬೆಸ್ಕಾಂ ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗೆ ಬೇಡ. ಹೈಟೆನ್ಷನ್ ತಂತಿಯಡಿಯ ದಟ್ಟ ಹೊಗೆ, ಉರಿಯ ಮೂಲಕ ವಿದ್ಯುತ್ ನೆಲಕ್ಕೆ ಜಿಗಿಯಬಹುದು. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆಯಿಂದ ಕನಿಷ್ಠ ಐವತ್ತಡಿ ದೂರ ಇರಲಿ, ಬಣವೆ ಗಾಳಿ ಬೀಸಿ ಹೋಗುವ ಕಡೆ ಇದ್ದರೆ ನಾನಂತೂ ನೂರಡಿಗೂ ಒಪ್ಪುವುದಿಲ್ಲ. ಪಾಯಿಖಾನೆ ಗುಂಡಿಯ ಹತ್ತಿರವೂ ಬೇಡ, ಅಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ತೆಂಗಿನ ಪಾತಿಯೊಳಗೆ ಸುಟ್ಟರೆ ಬುಡದ ಸುತ್ತಲಿನ ಬೇರೆಲ್ಲ ಬೇಯುತ್ತದೆ, ಡ್ರಿಪ್ ಪೈಪೂ ಕರಗುತ್ತದೆ. ಸರಿಯಾದ ಜಾಗ ಎಂದರೆ ಖಾಲಿ ಬಿದ್ದ ಮಣ್ಣು, ಸುತ್ತ ಹತ್ತಡಿಯಷ್ಟು ಹುಲ್ಲು, ತರಗು ಕೆರೆದು ಬರಿ ನೆಲ ಕಾಣಿಸಬೇಕು. ಒಂದೂವರೆ ಅಡಿ ಆಳದ ಗುಂಡಿ ತೋಡಿದರೆ ಇನ್ನೂ ಒಳ್ಳೆಯದು.

ಹೊತ್ತು ನೋಡುವುದು ಜಾಗ ನೋಡಿದಷ್ಟೇ ಮುಖ್ಯ. ಡಿಸೆಂಬರ್, ಜನವರಿಯ ಮಂಜಿನ ಮುಂಜಾನೆ ಗಾಳಿ ಇರುವುದಿಲ್ಲ ಎಂದು ಹಚ್ಚುವವರಿದ್ದಾರೆ. ಆಗ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬಿಸಿ ಗಾಳಿ ಇರುವುದರಿಂದ ಹೊಗೆ ಮೇಲೇರದೆ ಊರಿನ ಮೇಲೆ ಹಾಸಿಕೊಳ್ಳುತ್ತದೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನವಂತೂ ಬೇಡವೇ ಬೇಡ. ಶಿರಾ, ಮಧುಗಿರಿ, ಪಾವಗಡದ ಬಯಲಲ್ಲಿ ಏಳುವ ಸುಂಟರಗಾಳಿ ಉರಿಯುವ ಗರಿಯನ್ನು ಎತ್ತಿ ಎಲ್ಲಿಗೆ ಒಗೆಯುತ್ತದೋ ಹೇಳಲಾಗದು. ಮಂಜು ಕರಗಿ ಬಿಸಿಲು ಹತ್ತಿದ ಮೇಲೆ ಶುರುಮಾಡಿ ಹನ್ನೊಂದರ ಒಳಗೆ ಉರಿ ಇಳಿದಿರಬೇಕು. ಮರದ ತುದಿಯ ಗರಿಗಳು ಒಂದೇ ಸಮನೆ ಓಲಾಡುತ್ತಿದ್ದರೆ ಆ ದಿನ ಬಿಡಿ. ಸಂಜೆ ಹಚ್ಚಿದರೆ ರಾತ್ರಿ ಕೆಂಡ ಕಾಯುವವರು ಯಾರು?

ಹಚ್ಚುವ ಮೊದಲು ನೀರು ಬರಬೇಕು. ಮೋಟಾರ್ ಇದೆ ಅನ್ನಬೇಡಿ, ಕರೆಂಟ್ ನಿಮ್ಮ ಮಾತು ಕೇಳುವುದಿಲ್ಲ. ಡ್ರಮ್ಮಿನಲ್ಲಿ ಇನ್ನೂರು ಲೀಟರ್ ತುಂಬಿಟ್ಟು ಎರಡು ಬಿಂದಿಗೆ, ಒಂದು ಸನಿಕೆ, ಕುಪ್ಪೆ ಮಾಡಿದ ಸಡಿಲ ಮಣ್ಣು, ಹಸಿ ಸೊಪ್ಪಿನ ಎರಡು ದೊಡ್ಡ ಕೊಂಬೆ ಕೈಗೆ ಸಿಗುವಂತೆ ಇಡಿ. ನೆಲದ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಹಸಿ ಕೊಂಬೆಯಿಂದ ಬಡಿದು ಆರಿಸುವುದು ನೀರು ಎರಚುವುದಕ್ಕಿಂತ ಬೇಗ ಆಗುತ್ತದೆ. ಮೈಮೇಲೆ ಹತ್ತಿಬಟ್ಟೆ, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಬೂಟು. ನೈಲಾನ್ ಸೀರೆ, ಪಾಲಿಯೆಸ್ಟರ್ ನೈಟಿ, ಜೋಲಾಡುವ ಸೆರಗು ಬೇಡ. ಪಾಲಿಯೆಸ್ಟರ್ ಉರಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇಬ್ಬರು ದೊಡ್ಡವರು ಇರಬೇಕು, ಮಕ್ಕಳು ಇರಬಾರದು.

ರಾಶಿ ಎರಡು ದಿನದ ಹಿಂದೆಯೇ ಹಾಕಿದ್ದಾದರೆ ಉದ್ದ ಕೋಲಿನಿಂದ ಕೆದಕಿ ಪಕ್ಕಕ್ಕೆ ಹೊಸದಾಗಿ ಜೋಡಿಸಿ. ಕೊಳಕುಮಂಡಲ, ನಾಗರಹಾವು, ಮುಂಗುಸಿ ಮರಿ, ಏನು ಬೇಕಾದರೂ ಒಳಗೆ ಸೇರಿರಬಹುದು. ಕೈ ಹಾಕಬೇಡಿ. ಜೋಡಿಸುವಾಗಲೇ ಒಳಗೆ ಕಣಗಿಲೆ, ಎಕ್ಕ, ಉಮ್ಮತ್ತಿ ಗಿಡ ಸೇರಿಲ್ಲವೆಂದು ನೋಡಿ. ಕಣಗಿಲೆಯ ಹೊಗೆಯೂ ವಿಷ. ಹಳೆ ಪೈಪು, ಟೈರು, ಬಣ್ಣ ಹಚ್ಚಿದ ಮರ, ಪ್ಲೈವುಡ್, ಔಷಧಿ ಡಬ್ಬಿ ಯಾವುದೂ ಇರಬಾರದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಣ್ಣು, ಗಂಟಲು ಸುಡುವ ಅನಿಲ ಬರುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ, ಮಣ್ಣಲ್ಲಿ ಬಹುಕಾಲ ಉಳಿಯುವ ವಿಷ. ಒಂದು ಗುಡ್ಡೆ ನಾಲ್ಕಡಿ ಅಗಲ, ಮೂರಡಿ ಎತ್ತರ ಮೀರದಿರಲಿ. ಹಸಿ ಗರಿಯನ್ನು ನಾಲ್ಕೈದು ದಿನ ಒಣಗಿಸಿದರೆ ಹೊಗೆ ಕಡಿಮೆ ಎಂಬುದು ನಿಜ, ಆದರೆ ಕೆಂಪು ಮೂತಿ ಹುಳುವಿನ ಕಾಂಡಕ್ಕೆ ಆ ಸಾವಕಾಶ ಕೊಡಬೇಡಿ. ಅದನ್ನು ಸೀಳಿ, ಮೊದಲೇ ಎದ್ದ ಒಣ ಗರಿಯ ಉರಿಗೆ ಒಂದೊಂದೇ ತುಂಡು ಹಾಕುತ್ತಾ ಹೋಗಿ.

ಗಾಳಿ ಬರುವ ಕಡೆ ನಿಂತು, ಒಂದು ಹಿಡಿ ಒಣ ತರಗಿಗೆ ಬೆಂಕಿ ಹಚ್ಚಿ ಒಳಗಿಡಿ. ಪೆಟ್ರೋಲ್ ಎರಚಬೇಡಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ನಿಮ್ಮ ಕಾಲ ಸುತ್ತ ನಿಂತಿರುತ್ತದೆ. ಕಡ್ಡಿ ಗೀರಿದ ಕ್ಷಣ ಗುಡ್ಡೆಯ ಜೊತೆ ನೀವೂ ಹೊತ್ತಿಕೊಳ್ಳುತ್ತೀರಿ. ಉರಿ ಏಳಲಿಲ್ಲವೆಂದು ಆಮೇಲೆ ಕ್ಯಾನಿನಿಂದ ಸುರಿಯುವುದು ಇನ್ನೂ ಅಪಾಯ, ಬೆಂಕಿ ಧಾರೆ ಹಿಡಿದು ಕ್ಯಾನಿಗೇ ಬರುತ್ತದೆ. ಗರಿಯನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಗಾಳಿ ತಿರುಗಿದರೆ, ಕಿಡಿ ಗೆರೆಯಾಚೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ ಮಣ್ಣು, ನೀರು ಹಾಕಿ. ಸುಟ್ಟು ಮುಗಿಸಲೇಬೇಕೆಂಬ ಹಠ ಬೇಡ, ಉಳಿದದ್ದು ನಾಳೆಗಿರಲಿ.

ಬೂದಿ ಕಾಯುವುದು

ಉರಿ ಇಳಿದ ಕೂಡಲೇ ಎಲ್ಲರೂ ಮನೆಗೆ ಹೊರಡುತ್ತಾರೆ. ನಿಜವಾದ ಅಪಾಯ ಆಗಲೇ ಶುರು. ತೆಂಗಿನ ಬುಡ, ಎಡೆಮಟ್ಟೆಯ ಕೆಂಡ ಮೇಲೆ ಬೂದಿ ಹೊದ್ದುಕೊಂಡು ಎರಡು ಮೂರು ದಿನ ಒಳಗೇ ಉರಿಯಬಲ್ಲದು. ಮಣ್ಣು ಮುಚ್ಚಿದರೂ ಸಾಯುವುದಿಲ್ಲ, ಶಾಖ ಹಿಡಿದುಕೊಂಡು ಕೂತಿರುತ್ತದೆ. ಮಧ್ಯಾಹ್ನದ ಗಾಳಿ ಬೂದಿ ಕೆದಕಿದರೆ ಕಿಡಿ ಹೊರಗೆ ಬರುತ್ತದೆ.

ಮೊದಲು ಧಾರಾಳವಾಗಿ ನೀರು ಹಾಕಿ, ಸನಿಕೆಯಿಂದ ಬುಡದವರೆಗೆ ಮಗುಚಿ, ಮತ್ತೆ ನೀರು ಹಾಕಿ. ಚುಯ್ ಎಂಬ ಸದ್ದು, ಆವಿ ಬರುವುದು ನಿಲ್ಲುವವರೆಗೆ ಮುಂದುವರಿಸಿ. ಆಮೇಲೆ ಅಂಗೈ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ, ಬಿಸಿ ತಾಗಬಾರದು. ಮೊದಲು ದೂರದಿಂದ, ನಂತರ ಹತ್ತಿರ. ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ. ಆ ಹೊತ್ತಿಗೆ ದನ, ಕುರಿ, ನಾಯಿ, ಆಟವಾಡುವ ಮಕ್ಕಳು ಕಾಲಿಡದಂತೆ ನಾಲ್ಕು ಮುಳ್ಳುಕೊಂಬೆ ಅಡ್ಡ ಹಾಕಿ. ಬರಿಗಾಲಲ್ಲಿ ಬೂದಿ ತುಳಿದು ಸುಟ್ಟುಕೊಳ್ಳುವುದು ಹೆಚ್ಚಾಗಿ ಮಕ್ಕಳೇ.

ಕೈಮೀರಿದರೆ

ಹುಲ್ಲಿಗೋ ಬಣವೆಗೋ ಹತ್ತಿದ ಬೆಂಕಿ ಎರಡು ಬಿಂದಿಗೆಗೆ ಆರಲಿಲ್ಲವೆಂದರೆ ತಕ್ಷಣ 101 ಅಥವಾ 112ಕ್ಕೆ ಫೋನ್ ಮಾಡಿ. ಅಕ್ಕಪಕ್ಕದವರು ಬೈಯುತ್ತಾರೆಂದು ಕಾಯಬೇಡಿ. ತಾಲ್ಲೂಕು ಕೇಂದ್ರದಿಂದ ಗಾಡಿ ಹಳ್ಳಿಗೆ ಬರಲು ಹೊತ್ತು ಬೇಕು, ಹಾಗಾಗಿ ಊರ ಹೆಸರಿನ ಜೊತೆ ಯಾವ ಕ್ರಾಸಿನಿಂದ ಒಳಗೆ, ಯಾವ ದೇವಸ್ಥಾನದ ಪಕ್ಕ ಎಂದು ಹೇಳಿ, ರಸ್ತೆಗೆ ಒಬ್ಬರನ್ನು ನಿಲ್ಲಿಸಿ. ಕಾಡಿನ ಕಡೆ ಹೋದರೆ ಅರಣ್ಯ ಇಲಾಖೆಯ 1926. ತಂತಿಗೆ ತಗಲಿದರೆ ಬೆಸ್ಕಾಂನ 1912, ಲೈನ್ ಆಫ್ ಆಗುವವರೆಗೆ ನೀರು ಹಾಕಬೇಡಿ. ಗಾಳಿ ಹೋಗುವ ದಿಕ್ಕಿನಲ್ಲಿ ಬೆಂಕಿಯ ಮುಂದೆ ನಿಂತು ಆರಿಸಲು ಯಾರೂ ಹೋಗದಂತೆ ನೋಡಿಕೊಳ್ಳಿ.

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ಅಲ್ಲೇ ನೆಲಕ್ಕೆ ಬಿದ್ದು ಉರುಳಬೇಕು, ಬೇರೆಯವರು ದಪ್ಪ ಹತ್ತಿ ಅಥವಾ ಉಣ್ಣೆಯ ಕಂಬಳಿ ಸುತ್ತಬೇಕು. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಅರಿಸಿನ, ಬೆಣ್ಣೆ, ಐಸು ಯಾವುದೂ ಬೇಡ. ಊದುವ ಮೊದಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ಅಂಟಿಕೊಂಡ ಬಟ್ಟೆ ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ 108 ಕರೆಯಿರಿ. ಮುಖ ಸುಟ್ಟಿದ್ದರೆ, ಹೊಗೆ ಕುಡಿದು ದನಿ ಗೊಗ್ಗರಾಗಿದ್ದರೆ, ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಉಸಿರು ನಾಳ ಆಮೇಲೆ ಊದಿಕೊಳ್ಳುತ್ತದೆ.

ಉಳಿದ ಬೂದಿಯನ್ನು ಎಸೆಯಬೇಕಿಲ್ಲ. ಪೂರ್ತಿ ತಣ್ಣಗಾದ ಮೇಲೆ ಜರಡಿ ಹಿಡಿದು ಕಬ್ಬಿಣದ ಡಬ್ಬಿಯಲ್ಲಿ ತುಂಬಿಡಿ, ಪ್ಲಾಸ್ಟಿಕ್ ಬಕೆಟ್ ಬೇಡ. ಪೊಟ್ಯಾಶ್, ಸುಣ್ಣದ ಅಂಶ ಇರುವ ಇದನ್ನು ತೆಂಗು, ಬಾಳೆಯ ಬುಡಕ್ಕೆ ತೆಳ್ಳಗೆ ಹಾಕಬಹುದು, ಅವರೆ, ಬದನೆಯ ಹೇನಿಗೆ ಇಬ್ಬನಿ ಇರುವಾಗ ಎರಚುವುದೂ ಹಳೆಯ ರೂಢಿ. ಯೂರಿಯಾ ಜೊತೆ, ಹಸಿ ಸಗಣಿ ಜೊತೆ ಬೆರೆಸಿದರೆ ಅವುಗಳ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಚೌಳು ಮಣ್ಣಿನವರು ಬೂದಿ ಹಾಕಬಾರದು, ಮೊದಲೇ ಕ್ಷಾರ ಹೆಚ್ಚಿರುವ ನೆಲ ಇನ್ನಷ್ಟು ಕೆಡುತ್ತದೆ.